ಮೂರನೇ ಸೆಮ್ ಮುಗಿದ ಮೇಲೆ: ಕೆಲವು ಟಿಪ್ಪಣಿಗಳು

ಪಾಂಡವಪುರ: ಬೆಂಚುಗಳು

ಮೊದಲ ವರ್ಷ ಮಕ್ಕಳು ಬಸ್ಸಿನ ಪ್ರಕಾರ ಕೂರುತ್ತಾರೆ. ಮೇಲುಕೋಟೆ ಕಡೆಯ ಬಸ್ಸಿನವರು ಒಂದು ಬೆಂಚು, ಚಿನಕುರಳಿ ಕಡೆಯವರು ಇನ್ನೊಂದು ಬೆಂಚು, ಪೇಟೆಯ ಮಕ್ಕಳು ಮುಂದೆ. ಹಾಜರಿ ಕೂಗುವ ಮೊದಲೇ ಯಾವ ಬಸ್ಸು ತಡವಾಗಿದೆ ಎಂದು ಹೇಳಿಬಿಡಬಹುದು. ಬೆಂಚಿಗೆ ಬೆಂಚೇ ಖಾಲಿ ಇರುತ್ತದೆ.

ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಈ ಲೆಕ್ಕ ಕೆಡುತ್ತದೆ. ಜಕ್ಕನಹಳ್ಳಿಯ ಹುಡುಗಿ ಪೇಟೆಯ ಹುಡುಗಿಯ ಪಕ್ಕ ಕೂತಿರುತ್ತಾಳೆ. ಕ್ರಿಕೆಟ್ ಹುಚ್ಚಿನವರು ಒಟ್ಟಾಗಿರುತ್ತಾರೆ, ಪೊಲೀಸ್ ಪರೀಕ್ಷೆಗೆ ಓದುವವರು ಒಟ್ಟಾಗಿರುತ್ತಾರೆ, ಏನೂ ಮಾತಾಡದ ಇಬ್ಬರು ಹೇಗೋ ಒಬ್ಬರನ್ನೊಬ್ಬರು ಹುಡುಕಿಕೊಂಡು ಕಿಟಕಿ ಪಕ್ಕ ಸೇರಿರುತ್ತಾರೆ. ಈಗ ಬಸ್ಸು ತಡವಾದರೆ ಎಲ್ಲ ಬೆಂಚಿನಲ್ಲೂ ಒಂದೊಂದು ಜಾಗ ಖಾಲಿ.

ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಪಾಠ ಮಾಡುತ್ತ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ಓಡಾಡಿದ್ದೇನೆ. ಕೌನ್ಸೆಲಿಂಗ್‌ನಲ್ಲಿ ಯಾವ ವರ್ಷ ಯಾವ ಊರು ಸಿಕ್ಕಿದರೂ ಇದನ್ನು ಕಂಡಿದ್ದೇನೆ. ಯಾವ ವಾರದಲ್ಲಿ ಈ ಜಾಗ ಬದಲಾವಣೆ ಆಗುತ್ತದೆ ಎಂದು ಹಿಡಿಯಲು ನೋಡಿದೆ, ಸಿಕ್ಕಲಿಲ್ಲ. ಮಕ್ಕಳನ್ನೇ ಕೇಳಿದರೆ, ‘ನಾವು ಮೊದಲಿಂದಲೂ ಇಲ್ಲೇ ಕೂರೋದು ಮೇಡಂ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಿಲ್ಲ.

ಅರ್ಧ ಎಲ್ಲಿಗೆ?

ಪದವಿಯ ನಡುಭಾಗ ಯಾವುದು ಎನ್ನುವುದೇ ಈಚಿನ ವರ್ಷಗಳಲ್ಲಿ ಗೊಂದಲವಾಗಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು. ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಡಬಹುದು, ನಾಲ್ಕನೆಯದನ್ನೂ ಓದಿದರೆ ಆನರ್ಸ್. ಆಮೇಲೆ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. 2024-25ರಲ್ಲಿ ಸೇರಿದವರಿಂದ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್. ಒಂದೇ ಕಾರಿಡಾರಿನಲ್ಲಿ ಅಕ್ಕನಿಗೆ ಒಂದು ಅರ್ಧ, ತಂಗಿಗೆ ಇನ್ನೊಂದು ಅರ್ಧ.

ಕೆ.ಆರ್. ಪೇಟೆಯಲ್ಲಿ ನಾಲ್ಕು ವರ್ಷದ ಕ್ರಮದ ವಿದ್ಯಾರ್ಥಿನಿಯೊಬ್ಬಳು ಒಂದು ಸಲ ಕೇಳಿದ್ದಳು: ‘ಮೇಡಂ, ನಾನೀಗ ಅರ್ಧ ಮುಗಿಸಿದ್ದೀನಾ, ಇಲ್ವಾ?’ ಅವಳು ಕೇಳಿದ್ದು ಸೆಮಿಸ್ಟರಿನ ಲೆಕ್ಕ. ನನ್ನನ್ನು ಹಿಡಿದುಕೊಂಡದ್ದು ಬೇರೆ. ಇವರು ಎಷ್ಟು ದೂರ ಬಂದಿದ್ದಾರೆ ಎಂದು ಯಾವುದನ್ನು ನೋಡಿ ಹೇಳುವುದು? ಅಂಕಪಟ್ಟಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಸಿಗುತ್ತದೆ. ಉಳಿದದ್ದು ಎಲ್ಲಿ ಸಿಗುತ್ತದೆ?

ನೆಂಟರ ಪ್ರಶ್ನೆ

ಕಾಲೇಜು ಸೇರಿದಾಗ ಎಲ್ಲರೂ ಕೇಳುತ್ತಾರೆ: ‘ಏನ್ ತಗೊಂಡಿದ್ದೀಯವ್ವ?’ ಕೊನೆಯ ವರ್ಷ ಮತ್ತೆ ಎಲ್ಲರೂ ಕೇಳುತ್ತಾರೆ: ‘ಮುಂದೇನ್ ಮಾಡ್ತೀಯಪ್ಪ?’ ನಡುವಿನ ವರ್ಷ ಹಬ್ಬಕ್ಕೆ ಬಂದ ಚಿಕ್ಕಪ್ಪನಿಗಾಗಲಿ ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಮ್ಮನಿಗಾಗಲಿ ಕೇಳಲು ಏನೂ ಇಲ್ಲ. ‘ಓದ್ತಾ ಅವ್ಳೆ’ ಎಂದು ತಾಯಿಯೇ ಉತ್ತರ ಹೇಳಿಬಿಡುತ್ತಾರೆ. ನಾವು ಮೇಷ್ಟ್ರುಗಳೂ ಹಾಗೆಯೇ. ಹೊಸಬರಿಗೆ ಸ್ವಾಗತ ಸಮಾರಂಭ, ಹೊರಡುವವರಿಗೆ ಬೀಳ್ಕೊಡುಗೆ. ನಡುವಿನವರು ಎರಡಕ್ಕೂ ಕುರ್ಚಿ ಹಾಕುತ್ತಾರೆ.

ಚಿನಕುರಳಿ ಹತ್ತಿರದ ಒಂದು ಹುಳುಮನೆ

ಬಿ.ಕಾಂ. ಹುಡುಗನೊಬ್ಬ ಮೊದಲ ವರ್ಷ ಎಲ್ಲ ಪ್ರಶ್ನೆಗೂ ಕೈ ಎತ್ತುತ್ತಿದ್ದ. ಮೂರನೇ ಸೆಮಿಸ್ಟರಿನಲ್ಲಿ ಮಾತೇ ನಿಂತಿತು. ತರಗತಿಗೆ ಬರುತ್ತಾನೆ, ಬರೆದುಕೊಳ್ಳುತ್ತಾನೆ, ಕೇಳಿದರೆ ‘ಗೊತ್ತಿಲ್ಲ ಮೇಡಂ’ ಅನ್ನುತ್ತಾನೆ. ಆಮೇಲೆ ಕೆಲವು ದಿನ ಬರಲೇ ಇಲ್ಲ. ಅವನ ಊರಿನ ಹುಡುಗಿಯ ಜೊತೆ ಮನೆಗೆ ಹೋದೆ. ರೇಷ್ಮೆ ಬೆಳೆ ನಡೆಯುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಕಾಲಿಗೆ ನೀರು ಹಾಕಿಸಿ ಒಳಗೆ ಕರೆದುಕೊಂಡು ಹೋದ.

ಒಳಗೆ ಸದ್ದೇ ಇರಲಿಲ್ಲ. ಹುಳು ಸೊಪ್ಪು ತಿನ್ನುವಾಗ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ ಎಂದು ಕೇಳಿದ್ದೆ. ಇಲ್ಲಿ ಸ್ಟ್ಯಾಂಡಿನ ಉದ್ದಕ್ಕೂ ಹುಳುಗಳು ತಲೆ ಎತ್ತಿ ಹಾಗೇ ನಿಂತಿದ್ದವು. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿದ್ದರು. ‘ನಾಲ್ಕನೇ ಜ್ವರಕ್ಕೆ ಕೂತವೆ ಮೇಡಂ. ಈಗ ಸೊಪ್ಪು ಹಾಕ್ಬಾರ್ದು, ಮುಟ್ಲೂ ಬಾರ್ದು. ಪೊರೆ ಕಳಚ್ಕಂಡು ಎದ್ಮೇಲೆ ತಿಂತವೆ ನೋಡಿ, ಹಗ್ಲೂ ರಾತ್ರಿ ಸೊಪ್ಪು ಸಾಕಾಗಲ್ಲ’ ಎಂದ. ಅಷ್ಟು ದಿನಗಳಲ್ಲಿ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ತನ್ನ ಜೀವಮಾನದ ಸೊಪ್ಪಿನಲ್ಲಿ ಹೆಚ್ಚಿನ ಪಾಲನ್ನು ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುತ್ತದೆ. ಆ ವಾರ ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ಬೆಳೆ ಕೈಗೆ ಹತ್ತುವುದಿಲ್ಲ.

ಅವನ ತಾಯಿ ಬಾಗಿಲಲ್ಲಿ ನಿಂತು ಹೇಳಿದರು: ‘ಇವ್ನೂ ಹಿಂಗೇ ಕೂತ್ಬುಟ್ಟವ್ನೆ ಮೇಡಮ್ಮೋರೆ. ಮಾತಿಲ್ಲ ಕತೆಯಿಲ್ಲ.’

ಆ ತಾಯಿ ಸಪ್ಪೆ ರೋಗ ಬಡಿದ ಹುಳು ಯಾವುದು, ಜ್ವರಕ್ಕೆ ಕೂತ ಹುಳು ಯಾವುದು ಎಂದು ಸ್ಟ್ಯಾಂಡಿನ ಈಚೆಯಿಂದಲೇ ಹೇಳಬಲ್ಲರು. ಎರಡೂ ಸೊಪ್ಪು ಮುಟ್ಟುವುದಿಲ್ಲ, ಎರಡೂ ಅಲ್ಲಾಡುವುದಿಲ್ಲ. ಒಂದು ಬೆಳೆಯುತ್ತಿರುತ್ತದೆ, ಇನ್ನೊಂದು ಸಾಯುತ್ತಿರುತ್ತದೆ. ವಿದ್ಯಾರ್ಥಿ ಸುಮ್ಮನಾದಾಗ ಅದು ಯಾವ ಬಗೆಯ ಸುಮ್ಮನಿರುವಿಕೆ ಎಂದು ಗುರುತಿಸುವುದು ಹೇಗೆ? ಬಿ.ಎಡ್.ನಲ್ಲಿ ಯಾರೂ ಹೇಳಿಕೊಡಲಿಲ್ಲ.

ಶ್ರೀರಂಗಪಟ್ಟಣ: ಒಂದೇ ಮನೆ, ಇಬ್ಬರು

ಗಂಜಾಂ ಕಡೆಯ ಹುಡುಗ. ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಮುಂದೆಯೇ ಓಡಾಡಿ ಬೆಳೆದವನು. ಮೊದಲ ವರ್ಷ ಟಿಪ್ಪುವಿನ ಮಾತು ಬಂದರೆ ಅವನ ಬಳಿ ಸಿದ್ಧ ಉತ್ತರ ಇರುತ್ತಿತ್ತು, ದನಿಯೂ ಏರುತ್ತಿತ್ತು. ಆ ಊರಿನಲ್ಲಿ ಅಂಥ ಸಿದ್ಧ ಉತ್ತರಗಳು ಎರಡು ಬಗೆಯಲ್ಲಿ ಸಿಗುತ್ತವೆ. ಯಾವ ಮನೆಯಲ್ಲಿ ಹುಟ್ಟಿದೆವೋ ಆ ಬಗೆಯದು ನಮ್ಮದಾಗಿರುತ್ತದೆ.

ಮೂರನೇ ಸೆಮಿಸ್ಟರಿನಲ್ಲಿ ಇತಿಹಾಸದವರು ಕೊಟ್ಟ ಅಸೈನ್‌ಮೆಂಟಿಗೆ ಅವನು ಮೊದಲ ಸಲ ಟಿಕೆಟು ತೆಗೆದುಕೊಂಡು ಒಳಗೆ ಹೋದ. ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಸುತ್ತ ಕುದುರೆ, ಕತ್ತಿ, ರುಂಡ. ನಡುವೆ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಪಡೆಯ ಕರ್ನಲ್ ಬೇಲಿ. ಆ ಪಲ್ಲಕ್ಕಿಯ ಮುಂದೆ ಬಹಳ ಹೊತ್ತು ನಿಂತಿದ್ದೆ ಎಂದು ಹುಡುಗ ಬರೆದಿದ್ದ. ಮುಂದಿನ ಪುಟದಲ್ಲಿ ಇನ್ನೊಂದು ಸಂಗತಿ. ಟಿಪ್ಪು ಈ ಬೇಸಿಗೆ ಅರಮನೆಯನ್ನು 1784ರಲ್ಲಿ ಕಟ್ಟಿಸಿದ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇದೇ ಮನೆಯಲ್ಲಿ ಬ್ರಿಟಿಷ್ ಸೇನೆಯ ಆರ್ಥರ್ ವೆಲ್ಲೆಸ್ಲಿ ವಾಸ ಮಾಡಿದ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಾವೇರಿಗೆ ಕಟ್ಟಿದ ಕಲ್ಲಿನ ಸೇತುವೆಗೆ ಆ ಆರ್ಥರನ ಅಣ್ಣ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಟಿಪ್ಪುವಿಗೂ ಅವನ ನಂತರದ ಮೈಸೂರಿಗೂ ಕೆಲಸ ಮಾಡಿದವರು ಅದೇ ಪೂರ್ಣಯ್ಯ. ಪಕ್ಕದ ಹಿರೋಡೆಗೆ, ಅಂದರೆ ಈಗಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಎಂದು ಹೆಸರು ಬಿದ್ದದ್ದು ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದ.

ಈ ಎಲ್ಲ ಸಂಗತಿಗಳನ್ನು ಬರೆದು ಕೊನೆಗೆ ತೀರ್ಪು ಬರೆಯಬೇಕಾದ ಜಾಗದಲ್ಲಿ ಅವನು ಮೂರು ಪ್ರಶ್ನೆ ಬರೆದಿದ್ದ. ಅಂಕ ಕಡಿಮೆ ಬಂತು. ವಾದ ಗಟ್ಟಿಯಿಲ್ಲ ಎನ್ನುವುದು ಕಾರಣ.

ಆ ಹಾಳೆಯನ್ನು ಮತ್ತೆ ಮತ್ತೆ ಓದಿದ್ದೇನೆ. ಹದಿನೆಂಟರಲ್ಲಿ ಅಷ್ಟು ಖಚಿತವಾಗಿದ್ದ ಹುಡುಗ ಇಪ್ಪತ್ತಕ್ಕೆ ಹೀಗೆ ತಡವರಿಸುವುದನ್ನು ನಾನು ಬೆಳವಣಿಗೆ ಎಂದೇ ಓದುತ್ತೇನೆ. ನಮ್ಮ ಅಂಕದ ಕಾಲಂಗಳಲ್ಲಿ ಅದಕ್ಕೆ ಜಾಗ ಯಾಕಿಲ್ಲ?

ಕೆ.ಆರ್. ಪೇಟೆ: ಮನೆಯ ಕಾಗದ

ಅರ್ಧದ ಲೆಕ್ಕ ಕೇಳಿದ ಹುಡುಗಿ ಇವಳೇ. ಬೂಕನಕೆರೆ ಹೋಬಳಿಯ ಹಳ್ಳಿಯವಳು. ಅವಳ ಮೊಬೈಲ್‌ನಲ್ಲಿ ಒಂದು ಮನೆಯಷ್ಟೇ ಅಲ್ಲ, ಒಂದು ಬೀದಿಯೇ ಇದೆ. ಅಪ್ಪನ ಪಹಣಿ, ಪಿ.ಎಂ. ಕಿಸಾನ್‌ನ ಇ-ಕೆವೈಸಿ, ಡೇರಿಯ ಹಾಲಿನ ಬಿಲ್ಲು, ಅಜ್ಜಿಯ ಪಿಂಚಣಿ, ಪಕ್ಕದ ಮನೆಯ ಅಕ್ಕನ ಗೃಹಲಕ್ಷ್ಮಿ ದುಡ್ಡು ಈ ತಿಂಗಳು ಬಂತೋ ಇಲ್ಲವೋ, ತಮ್ಮನ ಸ್ಕಾಲರ್‌ಶಿಪ್ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಎಲ್ಲಿ ನಿಂತಿದೆ. ಮೊದಲ ಸೆಮಿಸ್ಟರಿನಲ್ಲಿ ಪ್ರವೇಶದ ಅರ್ಜಿಯನ್ನೂ ಸೈಬರ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದಿದ್ದವಳು. ಯಾವ ಕಚೇರಿಯಲ್ಲಿ ಯಾವ ಕಿಟಕಿಗೆ ಹೋಗಬೇಕು, ‘ನಾಳೆ ಬಾ’ ಅಂದರೆ ಯಾವ ಕಾಗದ ತೋರಿಸಿ ಇವತ್ತೇ ಮಾಡಿಸಿಕೊಳ್ಳಬೇಕು ಎನ್ನುವುದು ಈಗ ಅವಳಿಗೆ ಗೊತ್ತು.

2023ರ ಜೂನ್ 11ರಂದು ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾದ ಮೇಲೆ ಇವಳಂಥವರ ಓಡಾಟವೂ ಹಿಗ್ಗಿದೆ. ಮೊದಲು ವಿದ್ಯಾರ್ಥಿ ಪಾಸಿನಲ್ಲಿ ಬರೆದ ದಾರಿ ಬಿಟ್ಟು ಆಚೆ ಹೋದರೆ ಕೈಯಿಂದ ದುಡ್ಡು. ಈಗ ಹೆಣ್ಣುಮಕ್ಕಳು ಶೂನ್ಯ ಟಿಕೆಟಿನಲ್ಲಿ ಮೈಸೂರಿಗೆ ಹೋಗಿ ರಂಗಾಯಣದಲ್ಲಿ ನಾಟಕ ನೋಡಿದ್ದಾರೆ, ಮಂಡ್ಯಕ್ಕೆ ಹೋಗಿ ಕೋಚಿಂಗ್ ವಿಚಾರಿಸಿ ಬಂದಿದ್ದಾರೆ.

ಮನೆಯವರು ಜಮೀನಿನ ಕಾಗದವನ್ನು ಅವಳ ಕೈಗೆ ಕೊಟ್ಟಿದ್ದಾರೆ. ಮುಂದಿನ ವರ್ಷ ಅವಳು ಓದಬೇಕೋ ಬೇಡವೋ ಎನ್ನುವ ಮಾತು ಮಾತ್ರ ಅವಳಿಲ್ಲದಾಗ ಜಗಲಿಯ ಮೇಲೆ ನಡೆಯುತ್ತದೆ. ‘ಒಳ್ಳೆ ಕಡೆ ಬಂದ್ರೆ ಕೊಟ್ಬುಡೋದು’ ಎಂದು ಅಪ್ಪ ಹೇಳಿದ್ದು ಅವಳಿಗೆ ಅಜ್ಜಿಯಿಂದ ತಿಳಿಯಿತು. ಬ್ಯಾಂಕಿನವರ ಎದುರು ಇಡೀ ಮನೆಯ ಪರವಾಗಿ ಮಾತಾಡುವ ಹುಡುಗಿಗೆ ತನ್ನ ಪರವಾಗಿ ಜಗಲಿಯಲ್ಲಿ ಮಾತಾಡಲು ಯಾಕೆ ಆಗುವುದಿಲ್ಲ? ಅವಳನ್ನೇ ಕೇಳಿದೆ. ‘ಅಲ್ಲಿ ಅವರು ಕಾಗದ ನೋಡ್ತಾರೆ ಮೇಡಂ. ಇಲ್ಲಿ ನನ್ನನ್ನೇ ನೋಡ್ತಾರೆ’ ಎಂದಳು.

ನಾಗಮಂಗಲ: ಅಜ್ಜಿಯ ಹಾಡು

ನಾಗಮಂಗಲ ಒಣಭೂಮಿಯ ತಾಲ್ಲೂಕು. ರಾಗಿ, ಹುರುಳಿ, ತೆಂಗು. ಪದಗಳಿಗೆ ಮಾತ್ರ ಬರವಿಲ್ಲ. ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾದ ಮೇಲೂ ಹಳ್ಳಿಯ ಪದಗಳನ್ನು ಕೂಡಿಹಾಕುವುದನ್ನು ಬಿಡಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಆಮೇಲೆ ರಾಮನಗರದ ಹತ್ತಿರ ಜಾನಪದ ಲೋಕ ಎದ್ದಿತು. ನಾಗಮಂಗಲದ ಮಕ್ಕಳಿಗೆ ಅವರ ಹೆಸರು ಹೇಳಿ, ಮನೆಯಲ್ಲಿ ಯಾರಾದರೂ ಹಾಡುವವರಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ ಎನ್ನುತ್ತಿದ್ದೆ.

ಮೊದಲ ಸೆಮಿಸ್ಟರಿನಲ್ಲಿ ಇದನ್ನು ಕೇಳಿದರೆ ತರಗತಿ ನಾಚಿಕೊಳ್ಳುತ್ತಿತ್ತು. ‘ನಮ್ಮನೇಲಿ ಯಾರೂ ಇಲ್ಲ ಮೇಡಂ.’ ಮೂರನೇ ಸೆಮಿಸ್ಟರಿನಲ್ಲಿ ಅದೇ ತರಗತಿಗೆ ಅದೇ ಕೆಲಸ ಕೊಟ್ಟರೆ ಹಾಡು ಬರುತ್ತದೆ. ಒಬ್ಬಳು ತನ್ನ ಅಜ್ಜಿಯ ಸೋಬಾನೆ ಪದ ತಂದಳು. ಹಿನ್ನೆಲೆಯಲ್ಲಿ ಮೇಕೆ ಕೂಗುತ್ತದೆ, ಪಾತ್ರೆ ಬೀಳುತ್ತದೆ, ಅಜ್ಜಿ ನಡುವೆ ನಿಲ್ಲಿಸಿ, ‘ಇದ್ನೆಲ್ಲ ಯಾರ್ ಕೇಳಾರು ಮೊಗ?’ ಅನ್ನುತ್ತಾರೆ. ಹುಡುಗಿಯ ದನಿ: ‘ನಾನ್ ಕೇಳ್ತೀನಿ, ನೀ ಹೇಳಜ್ಜಿ.’

ಅದೇ ಹುಡುಗಿ ಮೊದಲ ವರ್ಷ ಫೀಸು ಕಟ್ಟಲು ಬಂದ ಅಜ್ಜಿಯನ್ನು ಗೇಟಿನ ಹೊರಗೇ ನಿಲ್ಲಿಸಿದ್ದಳು. ಪಠ್ಯದಲ್ಲಿ ಜಾನಪದದ ಪಾಠ ಇತ್ತು, ನಿಜ. ಅದೊಂದು ಪಾಠಕ್ಕೆ ಇಷ್ಟು ಶಕ್ತಿ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಮನೆಯಿಂದ ದಿನಾ ಹೊರಗೆ ಹೋಗಿ ಬಂದವರಿಗೆ ಒಂದು ದಿನ ಮನೆ ಕಾಣಲು ಶುರುವಾಗುತ್ತದೆಯೋ ಏನೋ.

ಕಿಕ್ಕೇರಿ, ಅಕ್ಕಿಹೆಬ್ಬಾಳು

ಕೆ.ಆರ್. ಪೇಟೆ ತಾಲ್ಲೂಕಿನ ಇಬ್ಬರು ಬರಹಗಾರರನ್ನು ಪಕ್ಕಪಕ್ಕ ಇಟ್ಟು ಯೋಚಿಸುತ್ತೇನೆ. ಎ.ಎನ್. ಮೂರ್ತಿರಾಯರು ಅಕ್ಕಿಹೆಬ್ಬಾಳಿನವರು, 1900ರಲ್ಲಿ ಹುಟ್ಟಿದವರು. ಓದು ಪೂರೈಸಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಕೆ.ಎಸ್. ನರಸಿಂಹಸ್ವಾಮಿ ಕಿಕ್ಕೇರಿಯವರು, 1915ರಲ್ಲಿ ಹುಟ್ಟಿದವರು. ಬಿ.ಎ. ಓದು ನಡುವೆಯೇ ನಿಂತಿತು, ಪದವಿ ಕೈಗೆ ಬರಲಿಲ್ಲ. ಸರ್ಕಾರಿ ಕಚೇರಿಯ ನೌಕರಿ ಹಿಡಿದರು. 1942ರಲ್ಲಿ ‘ಮೈಸೂರು ಮಲ್ಲಿಗೆ’ ಬಂತು. ಇಬ್ಬರೂ ತೀರಿಕೊಂಡದ್ದು 2003ರಲ್ಲಿ.

ಇದನ್ನು ತರಗತಿಯಲ್ಲಿ ಹೇಳುವಾಗ ಎಚ್ಚರ ಬೇಕು. ಪದವಿ ಬಿಟ್ಟರೂ ಕವಿಯಾಗಬಹುದು ಎಂದು ಯಾರಾದರೂ ಮನೆಗೆ ಹೋದರೆ ಕಷ್ಟ. ನಾನು ಹೇಳಲು ನೋಡುವುದು ಇಷ್ಟು: ಕಾಲೇಜು ನಡುವೆ ನಿಂತವರ ಬೆಳವಣಿಗೆ ಅಲ್ಲಿಗೇ ನಿಲ್ಲಬೇಕಿಲ್ಲ, ಕಾಲೇಜು ಪೂರೈಸಿದವರ ಬೆಳವಣಿಗೆ ಅಲ್ಲಿಗೇ ಮುಗಿಯುವುದೂ ಇಲ್ಲ. ಮೂರ್ತಿರಾಯರ ‘ದೇವರು’ ಪುಸ್ತಕ ಬಂದದ್ದು 1991ರಲ್ಲಿ. ತೊಂಬತ್ತು ದಾಟಿದ ಮನುಷ್ಯ ತನ್ನ ನಂಬಿಕೆ, ಅಪನಂಬಿಕೆಗಳನ್ನು ಕೂತು ಪರೀಕ್ಷಿಸಿ ಬರೆದದ್ದು. ಗಂಜಾಮಿನ ಹುಡುಗನ ಮೂರು ಪ್ರಶ್ನೆಗಳನ್ನು ಅವರಿಗೆ ತೋರಿಸಿದ್ದರೆ ಎಷ್ಟು ಅಂಕ ಕೊಡುತ್ತಿದ್ದರು?

ಪಾಂಡವಪುರ: ಹಾಜರಿ ಪುಸ್ತಕ

ನಡುವಿನ ವರ್ಷದಲ್ಲಿಯೇ ಕೆಲವರು ಬರುವುದನ್ನು ನಿಲ್ಲಿಸುತ್ತಾರೆ. ಜಗಳ ಮಾಡಿಕೊಂಡು ಹೋಗುವುದಿಲ್ಲ, ಟಿ.ಸಿ. ಕೇಳುವುದಿಲ್ಲ. ಶನಿವಾರ ಭಾನುವಾರ ಮದುವೆ ಛತ್ರಗಳಲ್ಲಿ ಬಡಿಸಲು ಹೋಗುತ್ತಿದ್ದ ಹುಡುಗ ಸೋಮವಾರವೂ ಹೋಗಲು ಶುರುಮಾಡುತ್ತಾನೆ. ಆಮೇಲೆ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿ ರಾತ್ರಿ ಪಾಳಿ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮೊದಲು ಅಲ್ಲಲ್ಲಿ, ಆಮೇಲೆ ಸಾಲಾಗಿ ಗೈರು. ಹೆಸರು ಕೂಗಿದಾಗ ಮೊದಮೊದಲು ಯಾರಾದರೂ ‘ಬಂದಿಲ್ಲ ಮೇಡಂ’ ಅನ್ನುತ್ತಾರೆ. ಕೆಲವು ವಾರದ ಮೇಲೆ ಅದನ್ನೂ ಅನ್ನುವುದಿಲ್ಲ. ಕಾಲೇಜಿನಿಂದ ಮನೆಗೆ ನೋಟಿಸು ಹೋಗುತ್ತದೆ.

ಅವನೂ ಬೆಳೆದಿದ್ದಾನೆ. ತಂಗಿಯ ಫೀಸು ಅವನೇ ಕಟ್ಟುತ್ತಾನೆ ಎಂದು ಗೊತ್ತು. ದುಡಿಮೆಯ ಭಾರ ಹೊತ್ತು ಬೆಳೆದವನನ್ನು ಹೊಗಳುವುದು ಸುಲಭ. ಆ ಭಾರವನ್ನು ಅವನ ವಯಸ್ಸಿಗೆ ಯಾಕೆ ಹೊರಿಸಿದೆವು ಎಂದು ಕೇಳಿಕೊಳ್ಳುವುದು ಕಷ್ಟ. ಹೊಗಳಿಕೆಯಿಂದ ಆ ಪ್ರಶ್ನೆ ಮುಚ್ಚಿಹೋಗಬಾರದು.

ಒಂದು ಗಂಟೆ

ಪಾಂಡವಪುರದಲ್ಲಿ ಮೂರನೇ ಸೆಮಿಸ್ಟರಿನ ಕೊನೆಯ ವಾರ ಪಾಠ ಮುಗಿದಿತ್ತು. ಕಾಲೇಜಿಗೆ ಸೇರಿದ ದಿನಕ್ಕೂ ಇವತ್ತಿಗೂ ನಿಮ್ಮಲ್ಲಿ ಏನು ಬದಲಾಗಿದೆ, ಒಂದು ಪುಟ ಬರೆಯಿರಿ ಎಂದೆ. ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಕೂತರು. ಬಂದ ಹಾಳೆಗಳಲ್ಲಿ ಹೆಚ್ಚಿನವು ತಪ್ಪೊಪ್ಪಿಗೆಯಂತಿದ್ದವು. ಇಂಗ್ಲಿಷ್ ಕಲಿಯಲಿಲ್ಲ. ಟೈಪಿಂಗ್ ಕಲಿಯಲಿಲ್ಲ. ಎರಡು ಸಬ್ಜೆಕ್ಟ್ ಬಾಕಿ ಇದೆ. ಸಮಯ ಹಾಳು ಮಾಡಿದೆ.

ಇನ್ನೂ ಹೊತ್ತಿತ್ತು. ಇನ್ನೊಂದು ಹಾಳೆ ತೆಗೆಯಿರಿ, ಪಕ್ಕ ಕೂತವರ ಬಗ್ಗೆ ಅದೇ ಪ್ರಶ್ನೆಗೆ ಉತ್ತರ ಬರೆಯಿರಿ ಎಂದೆ. ಪೆನ್ನುಗಳು ನಿಲ್ಲಲೇ ಇಲ್ಲ.

‘ಮೊದಲು ಹೋಟೆಲಿಗೆ ಹೋದರೆ ನಾನು ಏನು ಹೇಳುತ್ತೇನೋ ಅದನ್ನೇ ತಾನೂ ತಿನ್ನುತ್ತಿದ್ದಳು. ಈಗ ತನಗೆ ಬೇಕಾದ್ದನ್ನು ಕೇಳುತ್ತಾಳೆ.’

‘ಪ್ರಿನ್ಸಿಪಾಲರ ರೂಮಿಗೆ ಹೋಗುವಾಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಮೊನ್ನೆ ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದಾಗ ಅವಳೇ ಒಳಗೆ ಹೋಗಿ ಮಾತಾಡಿದಳು.’

‘ಇವನಿಗೆ ಅಪ್ಪನ ಮೇಲೆ ಬಹಳ ಸಿಟ್ಟಿತ್ತು. ಈಗ ಅಪ್ಪ ಕುಡಿದು ಬಂದರೆ ಊಟ ಹಾಕಿ ಮಲಗಿಸಿ ಬರುತ್ತಾನೆ. ಆಮೇಲೆ ನನಗೆ ಫೋನು ಮಾಡುತ್ತಾನೆ.’

ರೇಷ್ಮೆ ಹುಡುಗನ ಪಕ್ಕ ಕೂತವನು ಬರೆದದ್ದು: ‘ಇವನು ಮಾತು ಬಿಟ್ಟಿಲ್ಲ ಮೇಡಂ, ನಮ್ಮ ಹತ್ತಿರ ಆಡುತ್ತಾನೆ. ಮೊದಲು ಗೊತ್ತಿಲ್ಲದಿದ್ದರೂ ಕೈ ಎತ್ತುತ್ತಿದ್ದ. ಈಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾನೆ. ರಾತ್ರಿ ಸೊಪ್ಪು ಹಾಕಿ ಬಂದು ಅದನ್ನು ಓದುತ್ತಾನೆ.’

ಅವನ ಮೌನ ಯಾವ ಬಗೆಯದು ಎಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಪಕ್ಕದಲ್ಲೇ ಕೂತಿತ್ತು. ಬಸ್ಸು ತಂದು ಕೂರಿಸಿದ ಜೊತೆಯಾಗಿದ್ದರೆ ಇಷ್ಟು ಗೊತ್ತಿರುತ್ತಿರಲಿಲ್ಲ. ಇವರು ತಾವೇ ಆರಿಸಿಕೊಂಡ ಜೊತೆ.

ಹಾಳೆಗಳನ್ನು ಯಾರ ಬಗ್ಗೆ ಬರೆದಿದ್ದರೋ ಅವರಿಗೇ ಕೊಡಿಸಿದೆ. ಓದುವಾಗ ಯಾರೂ ಮಾತಾಡಲಿಲ್ಲ. ಕೆಲವರು ಅದನ್ನು ನಾಲ್ಕು ಮಡಿಕೆ ಮಾಡಿ ಐ.ಡಿ. ಕಾರ್ಡಿನ ಹಿಂದೆ ಇಟ್ಟುಕೊಂಡರು. ನಾನು ಈ ಟಿಪ್ಪಣಿಗಳಲ್ಲಿ ಹುಡುಕುತ್ತಿದ್ದ ಸಂಗತಿಗೆ ಒಂದು ತುದಿ ಸಿಕ್ಕಿತು ಎಂದು ಆಗ ಅನ್ನಿಸಿತು. ನಡುದಾರಿಯಲ್ಲಿರುವವರಿಗೆ ತಾವು ಬಂದ ದೂರ ಕಾಣುವುದಿಲ್ಲ. ಬಾಕಿ ಉಳಿದದ್ದಷ್ಟೇ ಕಾಣುತ್ತದೆ. ಬಂದ ದೂರವನ್ನು ಇನ್ನೊಬ್ಬರು ಹೇಳಬೇಕು, ಅದೂ ನಡುವೆಯೇ ಹೇಳಬೇಕು. ಬೀಳ್ಕೊಡುಗೆಯ ದಿನ ಹೇಳಿದರೆ ಅದು ಬರೀ ಹೊಗಳಿಕೆಯಾಗುತ್ತದೆ. ಈಗ ಹೇಳಿದರೆ ಮುಂದಿನ ಮೂರು ಸೆಮಿಸ್ಟರಿಗೆ ದಾರಿಖರ್ಚು. ಜಗಲಿಯಲ್ಲಿ ಮಾತು ಹೊರಡದ ಆ ಕೆ.ಆರ್. ಪೇಟೆ ಹುಡುಗಿಯ ಕೈಯಲ್ಲಿ ಇಂಥ ಒಂದು ಹಾಳೆ ಇದ್ದಿದ್ದರೆ ಎಂದು ಯೋಚಿಸುತ್ತೇನೆ. ಕಾಗದ ತೋರಿಸಿ ಮಾತಾಡುವುದು ಅವಳಿಗೆ ಬರುತ್ತಿತ್ತು. ಎಲ್ಲ ಕಾಲೇಜುಗಳ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇದೊಂದೇ: ಮೂರನೇ ಸೆಮಿಸ್ಟರಿನ ಕೊನೆಯಲ್ಲಿ ಈ ಒಂದು ಗಂಟೆ ತೆಗೆದಿಡಿ.

ಒಬ್ಬ ಹುಡುಗನ ಪಕ್ಕದ ಜಾಗ ಖಾಲಿ ಇತ್ತು. ಗೋದಾಮಿಗೆ ಹೋದವನ ಜೊತೆಗಾರ ಅವನು. ‘ಪಕ್ಕ ಯಾರೂ ಇಲ್ಲ ಮೇಡಂ’ ಎಂದ. ಇದ್ದವನ ಬಗ್ಗೆ ಬರಿ ಎಂದೆ. ಎರಡೂ ಮಗ್ಗುಲು ತುಂಬ ಬರೆದು ಕೊಟ್ಟ. ಆ ಹಾಳೆ ನನ್ನ ಬಳಿ ಇದೆ. ಅದರಲ್ಲಿ ಏನಿದೆ ಎನ್ನುವುದು ಅವರಿಬ್ಬರಿಗೆ ಸೇರಿದ್ದು. ನೋಟಿಸು ಹೋದ ವಿಳಾಸ ಕಚೇರಿಯಲ್ಲಿದೆ. ನಾಲ್ಕನೇ ಸೆಮಿಸ್ಟರಿನ ಫೀಸು ಕಟ್ಟಲು ಇನ್ನೂ ಗಡುವು ಇದೆ. ಹಾಳೆಯನ್ನೂ ಫೀಸಿನ ಚಲನ್ನನ್ನೂ ತೆಗೆದುಕೊಂಡು ಈ ಭಾನುವಾರ ಆ ಜೊತೆಗಾರನೊಡನೆ ಅವನ ಮನೆಗೆ ಹೋಗುತ್ತಿದ್ದೇನೆ.